ಬಿ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ಬ್ರೋಮಿನ್, ಸಯನೈಡ್, ಪಾದರಸ ಬಿಡೋದು ಹೇಗೆ? ಮಾಡಿ ನೋಡಿದವರು ಹೇಳಿ

ಸಿಂಕ್‌ಪಕ್ಕದಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ತಾಲೂಕು ಕೇಂದ್ರದ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನಮ್ಮ ಲ್ಯಾಬ್‌ನಲ್ಲಿ ವಿಷದ ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಇದೆ ಅಂತ ಸ್ಟಾಕ್ ರಿಜಿಸ್ಟರ್ ಹೇಳುತ್ತದೆ. ನಿಜವಾಗಿ ಇರೋದು ಒಂದು ಮರದ ಕಪಾಟು. ಅದರ ಫ್ಯಾನ್ ನಾನು ಸೇರುವ ಮೊದಲೇ ಕೆಟ್ಟಿತ್ತು, ಈಗ ಒಳಗೆ ಹಳೇ ರೆಕಾರ್ಡ್ ಪುಸ್ತಕ ತುಂಬಿದ್ದೇವೆ.

ಕಳೆದ ಸೆಮಿಸ್ಟರ್‌ನಲ್ಲಿ ಅಸಿಟಾನಿಲೈಡ್ ಅನ್ನೋ ವಸ್ತುವಿಗೆ ಬ್ರೋಮಿನ್ ಸೇರಿಸುವ ಪ್ರಯೋಗ (ಬ್ರೋಮಿನೇಶನ್) ಮಾಡಿಸುವಾಗ ಒಬ್ಬ ಹುಡುಗಿಯ ಬೆರಳಿಗೆ ಬ್ರೋಮಿನ್ ತಾಗಿತು. ತಕ್ಷಣ ನಲ್ಲಿ ಕೆಳಗೆ ಕೈ ಹಿಡಿಸಿದೆವು, ಆಸ್ಪತ್ರೆಗೂ ಕರೆದುಕೊಂಡು ಹೋದೆವು, ಆದರೂ ಗುಳ್ಳೆ ಎದ್ದು ವಾಸಿಯಾಗೋಕೆ ಎರಡು ವಾರ ಹಿಡಿಯಿತು. ಅವಳೇನೋ ನಗುತ್ತಾ "ಪರವಾಗಿಲ್ಲ ಸರ್" ಅಂದಳು. ನನಗೆ ಮಾತ್ರ ಅವತ್ತಿಂದ ಆ ಬಾಟಲಿ ಮುಟ್ಟೋಕೆ ಮನಸ್ಸಿಲ್ಲ.

ಡಿಪಾರ್ಟ್‌ಮೆಂಟ್ ಮೀಟಿಂಗ್‌ನಲ್ಲಿ ಇದನ್ನು ಎತ್ತಿದೆ, ವಿಷ, ಕಸ ಕಡಿಮೆ ಮಾಡುವ ಗ್ರೀನ್ ಕೆಮಿಸ್ಟ್ರಿ ಬಗ್ಗೆ ಹೇಳಿದೆ. "ಗ್ರೀನ್ ಕೆಮಿಸ್ಟ್ರಿ ತಾನೇ, ಒಂದು ದಿನ ದಾಸವಾಳದ ಇಂಡಿಕೇಟರ್ ಮಾಡಿಸಿ, ಫೋಟೋ ತೆಗೆದು ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಫೈಲ್‌ಗೆ ಹಾಕಿ" ಅಂದರು. ದಾಸವಾಳದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಮಾರನೇ ದಿನ ಅದೇ ಸಿಂಕ್‌ಗೆ ಮರ್ಕ್ಯುರಿಕ್ ಕ್ಲೋರೈಡ್ (ಪಾದರಸದ ಲವಣ) ಸುರಿದರೆ ಹೂವು ಅರೆದು ಏನು ಬಂತು?

ಬ್ಯಾಚ್‌ಗೆ 24 ಮಕ್ಕಳು, ಎರಡು ಬ್ಯಾಚ್. ಮೂರು ಗಂಟೆ ಸಮಯ, ಅದರಲ್ಲಿ ಅರ್ಧ ಗಂಟೆ ಅಟೆಂಡೆನ್ಸ್‌ಗೆ, ಸಾಮಾನು ಕೊಡೋದಕ್ಕೆ ಹೋಗುತ್ತದೆ. ಕರೆಂಟ್ ನಂಬೋ ಹಾಗಿಲ್ಲ. ದುಡ್ಡು ಕಡಿಮೆ. ನನ್ನ ತಲೆ ಕೆಡಿಸಿರೋದು ಮೂರು: ಬ್ರೋಮಿನೇಶನ್, ಸಯನೈಡ್ ಹಾಕಿ ಬೆಂಜಾಲ್ಡಿಹೈಡ್‌ನಿಂದ ಬೆಂಜಾಯಿನ್ ಹರಳು ಮಾಡೋದು, ಮತ್ತೆ ಹೆಮಟೈಟ್ ಅನ್ನೋ ಅದಿರಿನಲ್ಲಿ ಕಬ್ಬಿಣ ಅಳೆಯುವಾಗ ಬಳಸುವ ಪಾದರಸದ ಲವಣ. ಪುಸ್ತಕದಲ್ಲಿ ಇರೋದನ್ನು ನಾನೂ ಓದಿದ್ದೇನೆ. ಮಕ್ಕಳ ಕೈಯಲ್ಲಿ ಮಾಡಿಸಿದವರು ಹೇಳಿ.

ಚೀನಾಡಿಶ್

ಮೇಷ್ಟ್ರೇ, ಬ್ರೋಮಿನೇಶನ್ ಇದ್ದಿದ್ದರಲ್ಲಿ ಸುಲಭದ್ದು. ಮೊದಲು ಅದನ್ನೇ ಹಿಡಿಯಿರಿ.

ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಸಿರು ಪ್ರಯೋಗಗಳ ಒಂದು ಕೈಪಿಡಿ ತಂದಿತ್ತು. ನೀವು ನೋಡಿರಬಹುದು. ಅದರಲ್ಲಿ ದ್ರವ ಬ್ರೋಮಿನ್ ಬದಲು ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಸೆರಿಕ್ ಅಮೋನಿಯಂ ನೈಟ್ರೇಟ್ ಹಾಕುತ್ತಾರೆ. ಆಲ್ಕೋಹಾಲ್ ಮತ್ತು ನೀರು ಸಾಲ್ವೆಂಟ್. ಹೊಗೆ ಇಲ್ಲ, ವಾಸನೆ ಇಲ್ಲ, ಬಿಳಿ ಹರಳು ಚೆನ್ನಾಗಿ ಬರುತ್ತದೆ. ನಾವು ಎರಡು ವರ್ಷ ಹಾಗೇ ಮಾಡಿಸಿದೆವು. ಆಮೇಲೆ ಸೆರಿಕ್ ಲವಣದ ಬಿಲ್ ನೋಡಿ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

ಈಗ ಬ್ರೋಮೇಟ್-ಬ್ರೋಮೈಡ್ ದಾರಿ. 1 ಗ್ರಾಂ ಅಸಿಟಾನಿಲೈಡ್‌ಗೆ ಲೆಕ್ಕದ ಪ್ರಕಾರ ಸುಮಾರು 0.4 ಗ್ರಾಂ ಪೊಟ್ಯಾಸಿಯಂ ಬ್ರೋಮೇಟ್, 0.6 ಗ್ರಾಂ ಪೊಟ್ಯಾಸಿಯಂ ಬ್ರೋಮೈಡ್ ಸಾಕು. ಅಸಿಟಾನಿಲೈಡ್ ಅನ್ನು ಅಸಿಟಿಕ್ ಆಸಿಡ್‌ನಲ್ಲಿ ಕರಗಿಸಿಕೊಂಡು, ಈ ಎರಡರ ನೀರಿನ ದ್ರಾವಣ ಸೇರಿಸಿ, ಕೊನೆಗೆ 2 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್ 4-5 ಮಿಲಿ ಹನಿಹನಿಯಾಗಿ ಬಿಡಬೇಕು. ಅವಸರ ಮಾಡಬಾರದು. ಬ್ರೋಮಿನ್ ಫ್ಲಾಸ್ಕ್ ಒಳಗೇ ಹುಟ್ಟುತ್ತದೆ, ಹುಟ್ಟಿದ್ದು ಅಲ್ಲೇ ಖರ್ಚಾಗುತ್ತದೆ. ಹಳದಿ ಬಣ್ಣ ನಿಂತರೆ ಕೆಲಸ ಮುಗಿಯಿತು ಅಂತ. ನೀರಿಗೆ ಸುರಿದು, ಬಣ್ಣ ಉಳಿದಿದ್ದರೆ ಚಿಟಿಕೆ ಸೋಡಿಯಂ ಬೈಸಲ್ಫೈಟ್ ಹಾಕಿ ತೆಗೆದು, ಫಿಲ್ಟರ್ ಮಾಡಿ. ಪ್ಯಾರಾ ಬ್ರೋಮೋಅಸಿಟಾನಿಲೈಡ್ ಕರಗೋದು 167 ಡಿಗ್ರಿ ಹತ್ತಿರ. ಮಕ್ಕಳಿಗೆ ಕೊಡುವ ಮೊದಲು ಒಂದು ಸಲ ನೀವೇ ಮಾಡಿ ನೋಡಿ.

ಇನ್ನೊಂದು. ಅಸಿಟಾನಿಲೈಡ್ ತಯಾರಿಸೋಕೂ ಅಸಿಟಿಕ್ ಅನ್‌ಹೈಡ್ರೈಡ್ ಬೇಕಿಲ್ಲ. ಅನಿಲೀನ್, ಅಸಿಟಿಕ್ ಆಸಿಡ್, ಚೂರು ಸತುವಿನ ಪುಡಿ ಹಾಕಿ ರಿಫ್ಲಕ್ಸ್ ಮಾಡಿದರೆ (ಆವಿ ತಣಿದು ವಾಪಸ್ ಬೀಳುವ ಹಾಗೆ ಕುದಿಸಿದರೆ) ಆಯ್ತು. ಅನ್‌ಹೈಡ್ರೈಡ್ ಮಾದಕವಸ್ತು ಕಾಯ್ದೆ ಅಡಿಯಲ್ಲಿ ನಿಯಂತ್ರಣದಲ್ಲಿರೋ ವಸ್ತು, ತರಿಸೋ ಕಾಗದಪತ್ರದ ಗೋಳೂ ತಪ್ಪುತ್ತದೆ.

ಹಳೇಬ್ಯುರೆಟ್

ಚೀನಾಡಿಶ್ ಮೇಡಂ ಹೇಳಿದ್ದು ಸರಿ, ಆದರೆ ಸೆರಿಕ್ ಲವಣವನ್ನು ನಾನು ಸುಮ್ನೆ ಬಿಡೋನಲ್ಲ. ಲೆಕ್ಕ ಹಾಕಿ ನೋಡಿ. ಒಂದು ಅಸಿಟಾನಿಲೈಡ್ ಅಣುವಿಗೆ ಎರಡು ಸೀರಿಯಂ ಬೇಕು. ಆ ಲವಣದ ಅಣುತೂಕ 548. ಅಂದರೆ 1 ಗ್ರಾಂ ಅಸಿಟಾನಿಲೈಡ್‌ಗೆ ಸುಮಾರು 8 ಗ್ರಾಂ ಸೆರಿಕ್ ಲವಣ. ಬ್ರೋಮಿನ್ ಆಗಿದ್ದರೆ 1.2 ಗ್ರಾಂ ಮುಗಿಯುತ್ತಿತ್ತು. ಬೆರಳು ಸುಡಲ್ಲ, ಒಪ್ಪಿದೆ, ಅದು ದೊಡ್ಡ ವಿಷಯವೇ. ಆದರೆ ಅಸಿಟಾನಿಲೈಡ್‌ನ ಎಂಟು ಪಟ್ಟು ಲೋಹದ ಲವಣ ಸಿಂಕ್‌ಗೆ ಹೋಗುವಾಗ ಬೋರ್ಡ್ ಮೇಲೆ "ಹಸಿರು ವಿಧಾನ" ಅಂತ ಬರೆದರೆ ಮಕ್ಕಳು ಏನು ಕಲಿತರು?

ಬ್ರೋಮೇಟ್ ವಾಸಿ. ಹಾಗಂತ ಅದು ಪಾಪದ್ದಲ್ಲ. ಬ್ರೆಡ್ಡಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಅನ್ನು ಕ್ಯಾನ್ಸರ್ ಭಯಕ್ಕೆ ನಮ್ಮ ದೇಶದಲ್ಲಿ 2016ರಲ್ಲಿ ನಿಲ್ಲಿಸಿದರಲ್ಲ, ಅದೇ ಇದು. ಒಣ ಪುಡಿಯನ್ನು ಮಕ್ಕಳಿಗೆ ತೂಗೋಕೆ ಕೊಡಬೇಡಿ. ನೀವೇ ದ್ರಾವಣ ಮಾಡಿ ಅಳೆದು ಕೊಡಿ.

ಈಗ ಹೆಮಟೈಟ್. ಇದರ ಬಗ್ಗೆ ನನಗೆ ಇಪ್ಪತ್ತು ವರ್ಷದ ಸಿಟ್ಟಿದೆ, ಸ್ವಲ್ಪ ಉದ್ದ ಬರೆಯುತ್ತೇನೆ. ಅದಿರು ಕರಗಿಸುತ್ತೇವೆ, ಸ್ಟ್ಯಾನಸ್ ಕ್ಲೋರೈಡ್ (ತವರದ ಲವಣ) ಹನಿ ಬಿಟ್ಟು ಹಳದಿ ಹೋಗಿಸುತ್ತೇವೆ, ಅಂದರೆ ಫೆರಿಕ್ ಕಬ್ಬಿಣವನ್ನು ಫೆರಸ್‌ಗೆ ಇಳಿಸುತ್ತೇವೆ (ರಿಡಕ್ಷನ್), ಮಿಕ್ಕ ಸ್ಟ್ಯಾನಸ್ ಕೊಲ್ಲೋಕೆ ಮರ್ಕ್ಯುರಿಕ್ ಕ್ಲೋರೈಡ್ ಹಾಕುತ್ತೇವೆ, ರೇಷ್ಮೆ ಥರ ಬಿಳಿ ಪ್ರೆಸಿಪಿಟೇಟ್ ಬಂದರೆ ಖುಷಿ, ಕಪ್ಪಾದರೆ ಚೆಲ್ಲಿ ಮತ್ತೆ ಮೊದಲಿಂದ. ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಇದೇ ಪ್ರಯೋಗ ವರ್ಷಗಟ್ಟಲೆ ನಡೆದಿದೆ. ಮರ್ಕ್ಯುರಿಕ್ ಕ್ಲೋರೈಡ್‌ನ ಸ್ಯಾಚುರೇಟೆಡ್ ದ್ರಾವಣದಲ್ಲಿ 100 ಮಿಲಿಗೆ ಸುಮಾರು 7 ಗ್ರಾಂ ಇರುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಪಾದರಸವೇ. 5 ಮಿಲಿ ಹಾಕಿದರೆ ಕಾಲು ಗ್ರಾಂ ಪಾದರಸ. ಒಬ್ಬರಿಗೆ ಮೂರು ಟೈಟ್ರೇಶನ್ (ಬ್ಯುರೆಟ್ ಕೊಳವೆಯಿಂದ ಹನಿ ಬಿಟ್ಟು ಅಳೆಯೋದು), ನಿಮ್ಮಲ್ಲಿ 48 ಮಕ್ಕಳು. 36 ಗ್ರಾಂ! ಜ್ವರ ನೋಡುವ ಹಳೇ ಗಾಜಿನ ಥರ್ಮಾಮೀಟರ್‌ನಲ್ಲಿ ಇರೋದು ಹೆಚ್ಚು ಅಂದರೆ 1 ಗ್ರಾಂ. ಒಂದು ವಾರದ ಪ್ರಾಕ್ಟಿಕಲ್‌ನಲ್ಲಿ ಮೂವತ್ತಾರು ಥರ್ಮಾಮೀಟರ್ ಒಡೆದು ಮೋರಿಗೆ ಸುರಿದ ಹಾಗೆ. ಮೇಲಿಂದ ಟೈಟ್ರೇಶನ್‌ಗೆ ಡೈಕ್ರೋಮೇಟ್ ಅನ್ನೋ ವಿಷದ ಕ್ರೋಮಿಯಂ ಲವಣ ಬೇರೆ.

ಪರಿಹಾರ ನಿಮ್ಮ ಕಪಾಟಿನಲ್ಲೇ ಇದೆ. ನೀರಿನ ಗಡಸುತನ ನೋಡೋಕೆ ಇಡಿಟಿಎ (ಲೋಹವನ್ನು ಹಿಡಿದುಕೊಳ್ಳುವ ರಾಸಾಯನಿಕ) ಇಟ್ಟಿದ್ದೀರಲ್ಲ, ಅದೇ ಸಾಕು. ಫೆರಿಕ್ ಕಬ್ಬಿಣವನ್ನು ನೇರವಾಗಿ ಇಡಿಟಿಎ ಜೊತೆ ಟೈಟ್ರೇಟ್ ಮಾಡಬಹುದು. ಪಿಎಚ್ 2ರಿಂದ 2.5ರ ಹತ್ತಿರ ಇಟ್ಟು, 40-50 ಡಿಗ್ರಿಗೆ ಬೆಚ್ಚಗೆ ಮಾಡಿ, ಸಲ್ಫೋಸ್ಯಾಲಿಸಿಲಿಕ್ ಆಸಿಡ್ ಇಂಡಿಕೇಟರ್ ಹಾಕಿ. ಕೆಂಪು ಛಾಯೆಯ ನೇರಳೆ ಹೋಗಿ ತಿಳಿ ಹಳದಿ ಉಳಿಯುತ್ತದೆ. ಕೊನೆಯಲ್ಲಿ ನಿಧಾನ ಬಿಡಬೇಕು, ರಿಯಾಕ್ಷನ್ ಸ್ವಲ್ಪ ಸೋಮಾರಿ. ರಿಡಕ್ಷನ್ನೇ ಬೇಡ, ಹಾಗಾಗಿ ತವರವೂ ಬೇಡ, ಪಾದರಸವೂ ಬೇಡ.

ಹಸಿರು ಅಂತ ಹೊಸ ರಾಸಾಯನಿಕ ಹುಡುಕುವ ಮೊದಲು ಇದ್ದಿದ್ದನ್ನೇ ಚಿಕ್ಕದು ಮಾಡಿ ಅನ್ನೋದು ನನ್ನ ವಾದ. 25 ಮಿಲಿ ಪಿಪೆಟ್, 50 ಮಿಲಿ ಬ್ಯುರೆಟ್‌ನಲ್ಲಿ ತೊಳೆಯೋದೂ ಸೇರಿ ಒಬ್ಬರಿಗೆ 200 ಮಿಲಿ ದ್ರಾವಣ ಹೋಗುತ್ತದೆ ಅಂದುಕೊಳ್ಳಿ. 48 ಜನಕ್ಕೆ ಒಂಬತ್ತೂವರೆ ಲೀಟರ್. 5 ಮಿಲಿ ಪಿಪೆಟ್, 10 ಮಿಲಿ ಬ್ಯುರೆಟ್ ಕೊಟ್ಟರೆ ಎರಡು ಲೀಟರ್ ಒಳಗೆ ಮುಗಿಯುತ್ತದೆ. ಸಣ್ಣ ಬ್ಯುರೆಟ್‌ನ ಗೆರೆಗಳೂ ಸಣ್ಣವು, ಹಾಗಾಗಿ ಉತ್ತರ ಅಷ್ಟೇನೂ ಕೆಡಲ್ಲ. ಬ್ಯುರೆಟ್ ಕೊಳ್ಳೋಕೆ ಒಂದು ಸಲ ದುಡ್ಡು ಬೇಕು, ಆಮೇಲೆ ಪ್ರತಿ ವರ್ಷ ಇಂಡೆಂಟ್ ಕಡಿಮೆ.

ಕೊನೇಬೆಂಚು

ನಾನು ಫೈನಲ್ ಇಯರ್ ಸ್ಟೂಡೆಂಟ್, ಇಲ್ಲಿ ಮಾತಾಡಬಹುದಾ ಗೊತ್ತಿಲ್ಲ. ನಮಗೆ ಥಿಯರಿಯಲ್ಲಿ ಅನಾಸ್ಟಸ್ ಮತ್ತು ವಾರ್ನರ್ ಅವರ ಗ್ರೀನ್ ಕೆಮಿಸ್ಟ್ರಿಯ 1998ರ ಹನ್ನೆರಡು ತತ್ವ ಬಾಯಿಪಾಠ ಇದೆ, ಟ್ರೋಸ್ಟ್ ಅವರ ಆಟಂ ಎಕಾನಮಿ (ಹಾಕಿದ ಅಣುಗಳ ತೂಕದಲ್ಲಿ ಎಷ್ಟು ಪಾಲು ಸರಕಿಗೆ ಸೇರುತ್ತದೆ) ಲೆಕ್ಕವೂ ಬರುತ್ತದೆ. ಅಸಿಟಾನಿಲೈಡ್‌ಗೆ ಅನ್‌ಹೈಡ್ರೈಡ್ ದಾರಿಯಲ್ಲಿ 69 ಪರ್ಸೆಂಟ್, ಅಸಿಟಿಕ್ ಆಸಿಡ್ ದಾರಿಯಲ್ಲಿ 88 ಪರ್ಸೆಂಟ್. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೇನೆ.

ಆದರೆ ಲ್ಯಾಬ್‌ನಲ್ಲಿ ಅನ್‌ಹೈಡ್ರೈಡ್ ಹಾಕಿದರೆ ಹತ್ತು ನಿಮಿಷಕ್ಕೆ ಮುಗಿಯೋದು, ಅಸಿಟಿಕ್ ಆಸಿಡ್ ದಾರಿಗೆ ಮುಕ್ಕಾಲು ಗಂಟೆಗೂ ಜಾಸ್ತಿ ಗ್ಯಾಸ್ ಉರಿಸಿದೆವು, ಕಂಡೆನ್ಸರ್‌ಗೆ ಅಷ್ಟೂ ಹೊತ್ತು ನಲ್ಲಿ ನೀರು ಬಿಟ್ಟೆವು. ಆ ಗ್ಯಾಸು, ಆ ನೀರು 88 ಪರ್ಸೆಂಟ್ ಒಳಗೆ ಎಲ್ಲಿದೆ ಅಂತ ವೈವಾದಲ್ಲಿ ಕೇಳೋಣ ಅನಿಸಿತು. ಎಕ್ಸ್‌ಟರ್ನಲ್ (ಹೊರಗಿನಿಂದ ಬಂದ ಪರೀಕ್ಷಕರು) ಮುಖ ನೋಡಿ ಸುಮ್ಮನಾದೆ.

ಹಳೇಬ್ಯುರೆಟ್

@ಕೊನೇಬೆಂಚು ಕೇಳಬೇಕಿತ್ತಪ್ಪಾ! ನಾನು ಎಕ್ಸ್‌ಟರ್ನಲ್ ಆಗಿದ್ದರೆ ಆ ಪ್ರಶ್ನೆಗೇ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದೆ. ಆಟಂ ಎಕಾನಮಿ ಕಾಗದದ ಮೇಲಿನ ಸಮೀಕರಣ ಮಾತ್ರ ನೋಡುತ್ತದೆ. ರೋಜರ್ ಶೆಲ್ಡನ್ ಅವರ ಇ-ಫ್ಯಾಕ್ಟರ್ ನೋಡೋದು ಕಸದ ಬುಟ್ಟಿಯನ್ನು: ಒಂದು ಕಿಲೋ ಸರಕಿಗೆ ಎಷ್ಟು ಕಿಲೋ ಕಸ. ಅದರಲ್ಲೂ ಗ್ಯಾಸ್ ಲೆಕ್ಕ ಬರಲ್ಲ, ನೀರನ್ನೂ ಸಾಮಾನ್ಯವಾಗಿ ಬಿಡುತ್ತಾರೆ. ನಾವು ಮಾಡೋದು ಇಷ್ಟು: ಮಕ್ಕಳು ಪ್ರಯೋಗಕ್ಕೆ ಮೊದಲು ಎಲ್ಲಾ ತೂಗಿ ಬರೆಯುತ್ತಾರೆ, ಮುಗಿದ ಮೇಲೆ ಹರಳು ತೂಗುತ್ತಾರೆ, ಫಿಲ್ಟ್ರೇಟ್ ಬೀಕರ್ ಅನ್ನೂ ತೂಗುತ್ತಾರೆ. 1 ಗ್ರಾಂ ಹರಳಿಗೆ 50-60 ಗ್ರಾಂ ತ್ಯಾಜ್ಯ ಬಂದಾಗ ಅವರ ಮುಖ ನೋಡಬೇಕು. ಕಂಡೆನ್ಸರ್ ನೀರಿಗೆ ಒಂದು ಬಕೆಟ್, ಒಂದು ಅಕ್ವೇರಿಯಂ ಪಂಪ್ ಸಾಕು, ಅದೇ ನೀರು ತಿರುಗುತ್ತಿರುತ್ತದೆ.

ವಿಟಮಿನ್‌ಬಿ1

ಬೆಂಜಾಯಿನ್ ಬಗ್ಗೆ ನಾನು ಹೇಳುತ್ತೇನೆ, ಮೂರು ಸಲ ಕೆಡಿಸಿಕೊಂಡು ಕಲಿತದ್ದು.

ಸಯನೈಡ್ ಬದಲು ಥಯಾಮಿನ್ ಹೈಡ್ರೋಕ್ಲೋರೈಡ್, ಅಂದರೆ ವಿಟಮಿನ್ ಬಿ1. ನಮ್ಮ ಮೈಯಲ್ಲಿ ಕಿಣ್ವಗಳ ಜೊತೆ ಅದು ಮಾಡುವ ಕೆಲಸವನ್ನೇ ಫ್ಲಾಸ್ಕ್‌ನಲ್ಲೂ ಮಾಡುತ್ತದೆ. ಹೇಗೆ ಅನ್ನೋದನ್ನು ರೊನಾಲ್ಡ್ ಬ್ರೆಸ್ಲೋ 1958ರಲ್ಲೇ ವಿವರಿಸಿದ್ದರು. ಇಷ್ಟು ವರ್ಷ ಆದರೂ ನಮ್ಮಲ್ಲಿ ಸಯನೈಡ್ ಬಾಟಲಿಗೆ ಬೀಗ ಹಾಕಿ ಕೀಲಿ ಎಚ್‌ಒಡಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡುವ ಕಾಲೇಜುಗಳಿವೆ!

ಮೊದಲ ಸಲ ನನಗೆ ಹರಳೇ ಬರಲಿಲ್ಲ, ಹಳದಿ ಎಣ್ಣೆ. ಕಾರಣ ಅವಸರ: ಸೋಡಿಯಂ ಹೈಡ್ರಾಕ್ಸೈಡ್ ಅನ್ನು ತಣ್ಣಗೆ ಮಾಡದೆ ಸುರಿದಿದ್ದೆ. ಬೇಸ್ ಇದ್ದಾಗ ಥಯಾಮಿನ್ ಬಿಸಿಗೆ ಒಡೆದು ಹೋಗುತ್ತದೆ. ಎರಡೂ ಐಸ್‌ನಲ್ಲಿ ಇಟ್ಟು, ಹನಿಹನಿಯಾಗಿ ಸೇರಿಸಬೇಕು. ಎರಡನೇ ಸಲ ಹಳೇ ಬೆಂಜಾಲ್ಡಿಹೈಡ್ ಕೈಕೊಟ್ಟಿತು. ಬಾಟಲಿ ಬಾಯಲ್ಲಿ ಬಿಳಿ ಪುಡಿ ಕಟ್ಟಿರುತ್ತದಲ್ಲ, ಅದು ಬೆಂಜೋಯಿಕ್ ಆಸಿಡ್. ಅದು ಬೇಸನ್ನು ತಿಂದು ಹಾಕುತ್ತದೆ, ರಿಯಾಕ್ಷನ್ ಏಳೋದೇ ಇಲ್ಲ. ಸೋಡಿಯಂ ಕಾರ್ಬನೇಟ್ ದ್ರಾವಣದಲ್ಲಿ ತೊಳೆದು, ಆಗುವುದಾದರೆ ಹೊಸದಾಗಿ ಡಿಸ್ಟಿಲ್ ಮಾಡಿಕೊಳ್ಳಿ. ಮೂರನೇ ಸಲ ನನ್ನದೇ ಮರೆವು, ಥಯಾಮಿನ್ ಡಬ್ಬಿ ತೆರೆದಿಟ್ಟಿದ್ದೆ, ಮಳೆಗಾಲಕ್ಕೆ ಗಟ್ಟಿಯಾಗಿತ್ತು.

ಇದು ಮೂರು ಗಂಟೆಯಲ್ಲಿ ಮುಗಿಯುವ ಪ್ರಯೋಗ ಅಲ್ಲ. ಕಾರ್ಕ್ ಹಾಕಿ, ಹೆಸರು ಬರೆದು, ಕಪಾಟಿನಲ್ಲಿ ಒಂದೆರಡು ದಿನ ಬಿಡಿ. ಮುಂದಿನ ವಾರದ ಕ್ಲಾಸ್‌ಗೆ ಹರಳು ಕಾದಿರುತ್ತದೆ. ಕರೆಂಟ್ ಇಲ್ಲದ ನಿಮ್ಮ ಊರಿಗೆ ಹೇಳಿ ಮಾಡಿಸಿದ್ದು ಅಲ್ವಾ?

ಆ ಬೆಂಜಾಯಿನ್ ಬಿಸಾಡಬೇಡಿ. ಅದರಿಂದ ಬೆಂಜಿಲ್ ಮಾಡಿಸಿ. ಹಳೇ ವಿಧಾನದಲ್ಲಿ ಕಾನ್ಸನ್‌ಟ್ರೇಟೆಡ್ ನೈಟ್ರಿಕ್ ಆಸಿಡ್ ಹಾಕಿದರೆ ಕಂದು ಹೊಗೆ ಇಡೀ ಕಾರಿಡಾರ್ ತುಂಬುತ್ತದೆ. ಚೂರು ಕಾಪರ್ ಅಸಿಟೇಟ್, ಜೊತೆಗೆ ಅಮೋನಿಯಂ ನೈಟ್ರೇಟ್, ಅಸಿಟಿಕ್ ಆಸಿಡ್‌ನಲ್ಲಿ ಕುದಿಸಿದರೆ ಆ ಕಾಟ ಇಲ್ಲ. ಬೆಂಜಿಲ್ 95 ಡಿಗ್ರಿಗೆ ಕರಗುವ ಚೆಂದದ ಹಳದಿ ಹರಳು. ಅದನ್ನು ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಮಾರ್ಟರ್‌ನಲ್ಲಿ ಅರೆದು ವಾಟರ್ ಬಾತ್ ಮೇಲೆ ಬಿಸಿ ಮಾಡಿದರೆ ಬೆಂಜಿಲಿಕ್ ಆಸಿಡ್‌ನ ಲವಣ, ಆಸಿಡ್ ಹಾಕಿದರೆ 150 ಡಿಗ್ರಿಯಲ್ಲಿ ಕರಗುವ ಬಿಳಿ ಪುಡಿ. ಆ ಹಂತಕ್ಕೆ ಸಾಲ್ವೆಂಟೇ ಬೇಡ. ಅರೆಯುವಾಗ ಕನ್ನಡಕ, ಗ್ಲೌಸ್ ಕಡ್ಡಾಯ, ಹೈಡ್ರಾಕ್ಸೈಡ್ ಚೂರು ಸಿಡಿದರೆ ಕಣ್ಣು ಹೋಗುತ್ತದೆ. ಒಂದು ವಾರದ ಸರಕು ಮುಂದಿನ ವಾರದ ಕಚ್ಚಾವಸ್ತು. ತಮ್ಮ ಹರಳು ಕಡಿಮೆ ಆದರೆ ಮುಂದಿನ ವಾರ ತಮಗೇ ಕಡಿಮೆ ಅಂತ ಗೊತ್ತಾದ ಮೇಲೆ ನಮ್ಮ ಹುಡುಗರು ಫಿಲ್ಟರ್ ಪೇಪರ್ ಕೆರೆಯೋದನ್ನು ನೋಡಬೇಕು, ದೋಸೆ ಕಾವಲಿ ಕೆರೆದ ಹಾಗೆ!

ದೂರದೂರು

ನಾನು ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಾ ಅಂಡರ್‌ಗ್ರಾಜುಯೇಟ್ ಲ್ಯಾಬ್‌ಗೆ ಟಿ.ಎ. (ಪಾಠಕ್ಕೆ ಸಹಾಯಕ) ಆಗಿದ್ದೇನೆ. ಡಿಗ್ರಿ ಮುಗಿಸಿದ್ದು ಶಿವಮೊಗ್ಗದಲ್ಲಿ. ಒರೆಗಾನ್ ವಿಶ್ವವಿದ್ಯಾಲಯದವರು 1990ರ ದಶಕದ ಕೊನೆಯಲ್ಲೇ ಹಸಿರು ಆರ್ಗ್ಯಾನಿಕ್ ಲ್ಯಾಬ್ ಶುರು ಮಾಡಿದ್ದರು. ಅವರದ್ದೊಂದು ಪ್ರಯೋಗ ಇಲ್ಲಿ ಮಕ್ಕಳಿಗೆ ಭಾರೀ ಇಷ್ಟ: ಕಿತ್ತಳೆ ಸಿಪ್ಪೆ ತುರಿದು, ಪ್ಲಾಸ್ಟಿಕ್ ಸೆಂಟ್ರಿಫ್ಯೂಜ್ ಟ್ಯೂಬ್‌ನಲ್ಲಿ ಡ್ರೈ ಐಸ್ ತುಂಬಿ, ಮುಚ್ಚಳ ಹಾಕಿ ಬೆಚ್ಚಗಿನ ನೀರಲ್ಲಿ ಇಟ್ಟರೆ ಒತ್ತಡಕ್ಕೆ ಕಾರ್ಬನ್ ಡೈಆಕ್ಸೈಡ್ ದ್ರವ ಆಗಿ ಸಿಪ್ಪೆಯ ಎಣ್ಣೆಯನ್ನು ಸೆಳೆದುಕೊಂಡು ಬರುತ್ತದೆ. ತಳದಲ್ಲಿ ಘಮಘಮ ಲಿಮೋನೀನ್.

ಆದರೆ ಮೇಷ್ಟ್ರೇ, ಇದನ್ನು ನಿಮಗೆ ಶಿಫಾರಸು ಮಾಡಲ್ಲ. ತಾಲೂಕಿನಲ್ಲಿ ಡ್ರೈ ಐಸ್ ತರಿಸೋಕೆ ಉರಿಸುವ ಡೀಸೆಲ್ ಲೆಕ್ಕ ಹಾಕಿದರೆ ಹಸಿರು ಅಲ್ಲೇ ಬಾಡಿತು. ಮುಚ್ಚಳ ಹಾರುತ್ತದೆ ಕೂಡ, ಗಾಜಿನ ಟ್ಯೂಬ್‌ನಲ್ಲಂತೂ ಯಾರೂ ಮಾಡಬಾರದು. ಬೇರೆ ಕಡೆ ಚೆನ್ನಾಗಿದೆ ಅಂತ ಎತ್ತಿ ತರೋಕಿಂತ ಇಡಿಟಿಎ ಸಲಹೆ ನೂರು ಪಾಲು ಮೇಲು.

ನಿಮ್ಮಲ್ಲಿ ಸೋಡಿಯಂ ಫ್ಯೂಷನ್ (ವಸ್ತುವಿನಲ್ಲಿ ನೈಟ್ರೋಜನ್, ಸಲ್ಫರ್, ಹ್ಯಾಲೋಜನ್ ಇದೆಯಾ ಅಂತ ನೋಡೋಕೆ ಸೋಡಿಯಂ ಜೊತೆ ಕಾಯಿಸೋದು) ಇನ್ನೂ ಮಾಡಿಸುತ್ತಾರಾ? ನಮ್ಮ ಕಾಲದಲ್ಲಿ ಹುಡುಗರು ಸೋಡಿಯಂ ಚೂರು ಕದ್ದು ಸಿಂಕ್‌ಗೆ ಹಾಕಿ ಆಟ ಆಡುತ್ತಿದ್ದರು.

ಚೀನಾಡಿಶ್

ಸೋಡಿಯಂ ನಾವು ಬಿಟ್ಟೆವು. ಸತುವಿನ ಪುಡಿ ಮತ್ತು ಸೋಡಿಯಂ ಕಾರ್ಬನೇಟ್ ಸೇರಿಸಿ ಫ್ಯೂಸ್ ಮಾಡುತ್ತೇವೆ, ಮಿಡಲ್ಟನ್ ವಿಧಾನ. ನೈಟ್ರೋಜನ್, ಹ್ಯಾಲೋಜನ್‌ಗೆ ಫಿಲ್ಟ್ರೇಟ್‌ನಲ್ಲೇ ಟೆಸ್ಟ್. ಸಲ್ಫರ್ ಮಾತ್ರ ಝಿಂಕ್ ಸಲ್ಫೈಡ್ ಆಗಿ ಫಿಲ್ಟರ್ ಪೇಪರ್ ಮೇಲೆ ಉಳಿದ ಪುಡಿಯಲ್ಲಿ ಇರುತ್ತದೆ, ಅದಕ್ಕೆ ಆಸಿಡ್ ಹಾಕಿ ಲೆಡ್ ಅಸಿಟೇಟ್ ಪೇಪರ್ ಹಿಡಿಯಬೇಕು. ಮಕ್ಕಳು ಅದನ್ನು ಮರೆತು ಪುಡಿ ಬಿಸಾಡಿ "ಸಲ್ಫರ್ ಇಲ್ಲ" ಅಂತ ಬರೆಯುತ್ತಾರೆ.

ಮದೇನೂರುಕಡೆಯವ

ಯಾರೂ ಬಯೋಡೀಸೆಲ್ ಹೇಳಲಿಲ್ಲವಲ್ಲ! ಹೊಂಗೆ ನಮ್ಮ ಮರ. ಹಾಸನದ ಹತ್ತಿರ ಮದೇನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಬಯೋಫ್ಯೂಯಲ್ ಪಾರ್ಕ್ ಕೂಡ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಎಣ್ಣೆ, ಮೆಥನಾಲ್, ಚೂರು ಕಾಸ್ಟಿಕ್, ಒಂದು ಗಂಟೆ ಬಿಸಿ, ಮುಗಿಯಿತು.

ವಿಟಮಿನ್‌ಬಿ1

ಮುಗಿಯೋದು ಸೋಪಿನಲ್ಲಿ ಸರ್ 😄 ಹೊಂಗೆ ಎಣ್ಣೆಯಲ್ಲಿ ಫ್ರೀ ಫ್ಯಾಟಿ ಆಸಿಡ್ ಜಾಸ್ತಿ ಇರುತ್ತದೆ. ನೇರವಾಗಿ ಕಾಸ್ಟಿಕ್ ಹಾಕಿದರೆ ಸೆಪರೇಟಿಂಗ್ ಫನಲ್‌ನಲ್ಲಿ ನೊರೆ ಬಿಟ್ಟು ಬೇರೇನೂ ಕಾಣಲ್ಲ. ನಾವು ಮೊದಲ ವಾರ ಎಣ್ಣೆಯ ಆಸಿಡ್ ವ್ಯಾಲ್ಯೂ ಟೈಟ್ರೇಟ್ ಮಾಡಿಸುತ್ತೇವೆ, ಜಾಸ್ತಿ ಬಂದರೆ ಮೊದಲು ಸಲ್ಫ್ಯೂರಿಕ್ ಆಸಿಡ್, ಮೆಥನಾಲ್ ಹಾಕಿ ಎಸ್ಟರ್ ಮಾಡಿಕೊಂಡು ಆಮೇಲೆ ಬೇಸ್. ಕ್ಯಾಂಟೀನಿನ ಬೋಂಡಾ ಕರಿದ ಎಣ್ಣೆ ಇದಕ್ಕಿಂತ ಸುಲಭ. ಮೆಥನಾಲ್ ವಿಷ ಅನ್ನೋದು ಮಕ್ಕಳಿಗೆ ಮೊದಲೇ ಹೇಳಿ, "ಬಯೋ" ಅಂದ ತಕ್ಷಣ ಮೂಸಿ ನೋಡುತ್ತಾರೆ.

ಸಿಂಕ್‌ಪಕ್ಕದಮೇಷ್ಟ್ರು

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯ್ತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಬ್ರೋಮೇಟ್ ಎರಡು ಸಲ ನಾನೇ ಮಾಡಿದೆ. ಮೊದಲ ಸಲ ಆಸಿಡ್ ಒಟ್ಟಿಗೇ ಸುರಿದು ಕೆಂಪು ಹೊಗೆ ಎಬ್ಬಿಸಿಕೊಂಡೆ. ಚೀನಾಡಿಶ್ ಮೇಡಂ ಅಷ್ಟು ಹೇಳಿದ್ದರೂ! ಎರಡನೇ ಸಲ ಹನಿಹನಿ, 164ರಿಂದ 166ಕ್ಕೆ ಕರಗಿತು. ಒಂದು ಸಲ ರೀಕ್ರಿಸ್ಟಲೈಸ್ ಮಾಡಿದರೆ ಸರಿಯಾಗುತ್ತದೆ ಅನಿಸುತ್ತದೆ. ಗುಳ್ಳೆ ಎದ್ದಿದ್ದ ಹುಡುಗಿಯೇ ಪಕ್ಕದಲ್ಲಿ ನಿಂತು ಸಮಯ ನೋಡಿದಳು.

ಇಡಿಟಿಎ ಬಗ್ಗೆ ಜಗಳ ನಡೀತಿದೆ. "ಸಿಲಬಸ್‌ನಲ್ಲಿ ಡೈಕ್ರೋಮೇಟ್ ಅಂತ ಇದೆ, ಎಕ್ಸ್‌ಟರ್ನಲ್ ಅದನ್ನೇ ಕೇಳುತ್ತಾರೆ" ಅಂತ ಹಿರಿಯರ ವಾದ. ಸಿಲಬಸ್ ನಿರ್ಧರಿಸುವ ಬಿ.ಓ.ಎಸ್.ಗೆ ಪತ್ರ ಬರೆದಿದ್ದೇವೆ. ಉತ್ತರ ಬರುವವರೆಗೂ ಮಕ್ಕಳಿಗೆ ಅದಿರು ಕೊಡೋದು ನಿಲ್ಲಿಸಿ, ಮೋರ್ಸ್ ಸಾಲ್ಟ್ (ಕಬ್ಬಿಣದ ಒಂದು ಲವಣ) ಕೊಟ್ಟು ಡೈಕ್ರೋಮೇಟ್ ಟೈಟ್ರೇಶನ್ ಮಾತ್ರ, ಅದೂ 5 ಮಿಲಿ ಪಿಪೆಟ್‌ನಲ್ಲಿ. ಅದರಲ್ಲಿ ಕಬ್ಬಿಣ ಮೊದಲೇ ಫೆರಸ್ ರೂಪದಲ್ಲಿ ಇರೋದರಿಂದ ಪಾದರಸ ಬೇಕಾಗಲ್ಲ.

ಒಂದು ಪ್ರಶ್ನೆ ಉಳಿದಿದೆ. ಮರ್ಕ್ಯುರಿಕ್ ಕ್ಲೋರೈಡ್ ಅರ್ಧ ಕಿಲೋ ಬಾಟಲಿ ಹಾಗೇ ಇದೆ. ಅದನ್ನು ಏನು ಮಾಡಲಿ?

ಹಳೇಬ್ಯುರೆಟ್

ಸುರಿಯಬೇಡಿ, ಹೂಳಬೇಡಿ, ಪಕ್ಕದ ಕಾಲೇಜಿಗೆ ದಾನ ಮಾಡಬೇಡಿ (ಇದು ನಮ್ಮಲ್ಲಿ ನಡೆದಿದೆ). ಬಾಯಿ ಭದ್ರ ಮಾಡಿ, ಒಡೆಯದ ಹಾಗೆ ಇನ್ನೊಂದು ಡಬ್ಬಿಯೊಳಗೆ ಇಟ್ಟು, ಕನ್ನಡದಲ್ಲೇ ದೊಡ್ಡದಾಗಿ "ಪಾದರಸದ ವಿಷ" ಅಂತ ಬರೆದು, ತಾರೀಖು ಹಾಕಿ ಬೀಗದಲ್ಲಿಡಿ. ಅಪಾಯಕಾರಿ ತ್ಯಾಜ್ಯಕ್ಕೆ 2016ರ ನಿಯಮ ಇದೆ, ಅನುಮತಿ ಪಡೆದ ಸಂಸ್ಥೆಯವರಿಗೇ ಕೊಡಬೇಕು. ಒಂದು ಬಾಟಲಿಗಾಗಿ ಅವರು ತಾಲೂಕಿಗೆ ಬರಲ್ಲ. ಜಿಲ್ಲೆಯ ನಾಲ್ಕೈದು ಕಾಲೇಜು ಸೇರಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಒಟ್ಟಿಗೆ ಪತ್ರ ಹಾಕಿ.

ಸಿಂಕ್‌ಪಕ್ಕದಮೇಷ್ಟ್ರು

ಆಯ್ತು ಸರ್. ಬೀಗ ಇರೋದು ಆ ಮರದ ಫ್ಯೂಮ್ ಹುಡ್‌ಗೆ ಮಾತ್ರ. ನಾಳೆ ರೆಕಾರ್ಡ್ ಪುಸ್ತಕ ಖಾಲಿ ಮಾಡಿಸುತ್ತೇನೆ.